ಪಾಪ ತಾತನದು, ಪಹಣಿ ಯಾರದು?

ಮರಕುಂಬಿ ತೀರ್ಪು ಬಂದ ದಿನ ನಮ್ಮ ಪತ್ರಕರ್ತರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಆ ಸುದ್ದಿಯ ಲಿಂಕ್ ಹಾಕಿದರು. 2024ರ ಅಕ್ಟೋಬರ್ 24. ಹತ್ತು ವರ್ಷದ ಹಿಂದೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟ ಪ್ರಕರಣ. ಕೊಪ್ಪಳದ ನ್ಯಾಯಾಲಯ 101 ಮಂದಿ ಅಪರಾಧಿಗಳೆಂದು ಹೇಳಿ, 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಸ್ವಲ್ಪ ಹೊತ್ತು ಗ್ರೂಪು ಸುಮ್ಮನಿತ್ತು. ಆಮೇಲೆ ಒಬ್ಬರು ಬರೆದರು: "ಮಾಡಿದವರಿಗೆ ಶಿಕ್ಷೆ ಆಯ್ತಲ್ಲ, ಮುಗೀತು. ಇದನ್ನೇ ಹಿಡ್ಕಂಡು ಎಲ್ಲರ ಮುಖಕ್ಕೂ ಮಸಿ ಬಳೀಬೇಡಿ. ನಮ್ಮ ತಾತ ಮುತ್ತಾತ ಏನೋ ಮಾಡಿದ್ರಂತೆ, ಅದಕ್ಕೆ ನಾವ್ಯಾಕೆ ತಲೆ ತಗ್ಗಿಸಬೇಕು?"

ಹದಿನಾಲ್ಕು ಹೆಬ್ಬೆರಳು ಬಿದ್ದವು. ಬರೆದವರು ನನಗಿಂತ ಹಿರಿಯರು, ಒಳ್ಳೆಯವರು. ಕೊನೆ ಬಸ್ ತಪ್ಪಿದ ಒಂದು ರಾತ್ರಿ ನನಗೆ ಮನೆಯಲ್ಲಿ ಮುದ್ದೆ ಇಕ್ಕಿ ಮಲಗಲು ಜಾಗ ಕೊಟ್ಟವರು. ನಾನು ಏನೂ ಬರೆಯಲಿಲ್ಲ. ಫೋನು ಚಾರ್ಜಿಗೆ ಹಾಕಿ ಮಲಗಿದೆ.

ಅವತ್ತು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ತಡವಾಗಿದೆ, ನಿಜ. ಆದರೆ ಪ್ರಶ್ನೆ ಎಲ್ಲಿಗೂ ಹೋಗಿಲ್ಲ. ಪ್ರತಿ ಏಪ್ರಿಲ್ 14ಕ್ಕೆ, ಪ್ರತಿ ಜಾತ್ರೆಗೆ, ಮೀಸಲಾತಿ ಮಾತು ಬಂದಾಗಲೆಲ್ಲ ಅದೇ ಪ್ರಶ್ನೆ ಅದೇ ಮುಗ್ಧ ಮುಖ ಹೊತ್ತು ಬಂದು ಕೂರುತ್ತದೆ. ನಾವ್ಯಾಕೆ?

ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ಬೆಂಗಳೂರಿನಲ್ಲಿದ್ದಾಳೆ. ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಪ್ಪ ಪುಸ್ತಕ ಕೊಟ್ಟು ಹೋದಳು. ನೋರಾ ಕ್ರುಗ್ ಎಂಬ ಚಿತ್ರಕಲಾವಿದೆಯದು. ಹೆಸರು 'ಹೈಮಾಟ್'. ತವರು, ಹುಟ್ಟೂರು, ನೆಲೆ ಎಂದೆಲ್ಲ ಅರ್ಥ ಬರುವ ಜರ್ಮನ್ ಪದ. ಪುಸ್ತಕ ಬಂದದ್ದು 2018ರಲ್ಲಿ, ಇಂಗ್ಲಿಷಿನಲ್ಲೂ ಇದೆ. ನನ್ನ ಇಂಗ್ಲಿಷಿಗೆ ಸುಮಾರಾಗಿ ದಕ್ಕಿತು. ತುಂಬಾ ಚಿತ್ರಗಳಿವೆ, ಹಳೆಯ ಫೋಟೊಗಳಿವೆ, ಕೈಬರಹ ಇದೆ. ನಮ್ಮ ಮನೆಯ ಟ್ರಂಕು ತೆಗೆದು ನೆಲದ ಮೇಲೆ ಹರವಿದ ಹಾಗೆ.

ಈಕೆ ಹುಟ್ಟಿದ್ದು 1977ರಲ್ಲಿ, ಕಾರ್ಲ್ಸ್‌ರೂಹೆ ಎಂಬ ಊರಿನಲ್ಲಿ. ಅಂದರೆ ಯುದ್ಧ ಮುಗಿದು ಮೂವತ್ತೆರಡು ವರ್ಷ ಆದಮೇಲೆ. ಹಿಟ್ಲರನ ಕಾಲದಲ್ಲಿ ಈಕೆಯ ಅಪ್ಪನೇ ಹುಟ್ಟಿರಲಿಲ್ಲ. ಮದುವೆಯಾಗಿ ಅಮೆರಿಕದಲ್ಲಿ ನೆಲೆಸಿದ್ದಾಳೆ. 'ನಾವ್ಯಾಕೆ' ಎಂದು ಕೇಳಲು ಇವಳಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ? ಇವಳು ಕೇಳಿದ್ದು ಬೇರೆ. ನಮ್ಮ ಮನೆಯವರು ಆಗ ಎಲ್ಲಿದ್ದರು, ಏನು ಮಾಡುತ್ತಿದ್ದರು?

ಶಾಲೆಯಲ್ಲಿ ನಾಜಿಗಳ ಬಗ್ಗೆ ಎಲ್ಲ ಕಲಿಸಿದ್ದರು. ದೇಶದ ತಪ್ಪು ಗೊತ್ತಿತ್ತು. ಮನೆಯ ತಪ್ಪು ಮಾತ್ರ ಗೊತ್ತಿರಲಿಲ್ಲ. ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಇಷ್ಟು. ಅಪ್ಪನ ಅಣ್ಣ ನಾಜಿಗಳ ಎಸ್‌ಎಸ್ ಪಡೆಯ ಸೈನಿಕನಾಗಿ ಇಟಲಿಯಲ್ಲಿ ಸತ್ತಾಗ ಅವನಿಗೆ ಹದಿನೆಂಟು ವರ್ಷ. ಅವನು ಶಾಲೆಯಲ್ಲಿ ಬರೆದ ನೋಟ್‌ಬುಕ್ಕುಗಳು ಉಳಿದಿದ್ದವು. ಮುದ್ದಾದ ಅಕ್ಷರದಲ್ಲಿ ಬರೆದ ಪ್ರಬಂಧ, ಯಹೂದಿಗಳನ್ನು ವಿಷದ ಅಣಬೆಗೆ ಹೋಲಿಸಿದ್ದು. ಯುದ್ಧ ಮುಗಿದ ಮೇಲೆ 1946ರಲ್ಲಿ ಹುಟ್ಟಿದ ತಮ್ಮನಿಗೆ ಮನೆಯವರು ಸತ್ತ ಅಣ್ಣನ ಹೆಸರನ್ನೇ ಇಟ್ಟರು. ಆ ತಮ್ಮನೇ ಇವಳ ಅಪ್ಪ. ಇನ್ನು ಅಮ್ಮನ ಕಡೆಯ ತಾತ, ಡ್ರೈವಿಂಗ್ ಕಲಿಸುತ್ತಿದ್ದವನು. ಆತ 1933ರಲ್ಲೇ ಪಕ್ಷದ ಸದಸ್ಯನಾಗಿದ್ದ ಎಂಬುದು ಇವಳಿಗೆ ದಾಖಲೆ ತೆಗೆಸಿದ ಮೇಲೆ ತಿಳಿಯಿತು.

ಯುದ್ಧದ ನಂತರ ಜರ್ಮನರನ್ನು ಐದು ದರ್ಜೆಯಾಗಿ ವಿಂಗಡಿಸಿದ್ದರು. ಮುಖ್ಯ ಅಪರಾಧಿಗಳಿಂದ ಹಿಡಿದು ನಿರ್ದೋಷಿಗಳವರೆಗೆ. ನಾಲ್ಕನೆಯ ದರ್ಜೆಗೆ 'ಮಿಟ್‌ಲಾಯ್ಫರ್' ಎಂದು ಹೆಸರು. ಜೊತೆಗೆ ಓಡಿದವನು ಅಂತ. ಹೊಡೆದವನಲ್ಲ, ಬೆಂಕಿ ಇಟ್ಟವನಲ್ಲ. ಹಿಂಡು ಹೋದ ಕಡೆ ಹೋದವನು. ತಾತ ಬಿದ್ದದ್ದು ಆ ಖಾನೆಗೆ.

ಆ ಪುಟ ಓದುವಾಗ ನನಗೆ ನನ್ನ ತಾತ ಯಾವ ಖಾನೆಗೆ ಬೀಳುತ್ತಾರೆ ಎಂಬ ಯೋಚನೆ ಬಂತು. ನಿಮಗೂ ಬರಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಹೋಲಿಕೆ ಅತಿಯಾಯಿತು ಎನ್ನುವವರಿದ್ದಾರೆ. ಅಲ್ಲಿ ಅರವತ್ತು ಲಕ್ಷ ಯಹೂದಿಗಳನ್ನು ಕೊಂದರು, ಇಲ್ಲಿ ಅಂಥದ್ದೇನಾಗಿದೆ ಅಂತ. ಒಪ್ಪುತ್ತೇನೆ, ಎರಡೂ ಒಂದಲ್ಲ. ಅವರದು ಹನ್ನೆರಡು ವರ್ಷದ ಆಡಳಿತ. ನಮ್ಮದು ಎಷ್ಟು ನೂರು ವರ್ಷದ್ದು ಎಂದು ಎಣಿಸಿದವರಿಲ್ಲ. ಅವರದನ್ನು ಸೋಲಿಸಲು ಹೊರಗಿನ ಸೈನ್ಯ ಬಂತು. ನಮ್ಮದಕ್ಕೆ ಯಾವ ಸೈನ್ಯವೂ ಬರಲಿಲ್ಲ. ಸಂವಿಧಾನ ಬಂತು, 17ನೇ ವಿಧಿ ಬಂತು, 1955ರ ಕಾಯ್ದೆ ಬಂತು, ಸಾಲದೆಂದು 1989ರ ದೌರ್ಜನ್ಯ ತಡೆ ಕಾಯ್ದೆಯೂ ಬಂತು. ಅವರ ಮನೆಯ ತಾತ ಎದುರು ಬಂದು ಕುರ್ಚಿ ಹಾಕಿ ಕೂತ ವಿಚಾರಣಾಧಿಕಾರಿಗೆ ಒಂದು ಫಾರಂ ಆದರೂ ತುಂಬಬೇಕಾಯಿತು. ನಮ್ಮ ತಾತಂದಿರನ್ನು ಯಾರೂ ಏನೂ ಕೇಳಲಿಲ್ಲ. ಸತ್ತಾಗ ನಾವೇ 'ಕೊಡುಗೈ ದಾನಿ' ಎಂದು ಕಾಲಂ ತುಂಬ ಬರೆದೆವು.

ನಮ್ಮ ತಾತನನ್ನೂ ಹಾಗೇ ಬರೆದೆವು. ಊರಲ್ಲಿ ಗೌಡಿಕೆ ಮಾಡಿದ ಮನೆ ನಮ್ಮದು. ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿಸಿದವರು. ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕೂತಾಗ ಜಟಾಯುವಿನ ಕಥೆ ಹೇಳಿದವರು. ರಾವಣ ಸೀತೆಯನ್ನು ಹೊತ್ತೊಯ್ಯುವಾಗ ಅಡ್ಡ ಬಂದ ಮುದಿ ಹದ್ದು ರೆಕ್ಕೆ ಕತ್ತರಿಸಿಕೊಂಡು ಬಿದ್ದದ್ದು ಈ ಬೆಟ್ಟದ ಮೇಲೇ ಎಂಬುದು ನಮ್ಮ ಸೀಮೆಯ ನಂಬಿಕೆ. ತಾತನ ಮೇಲೆ ನನಗೆ ಇವತ್ತಿಗೂ ಜೀವ. ಇದನ್ನು ಮೊದಲೇ ಹೇಳುತ್ತೇನೆ. ಯಾಕೆಂದರೆ ಇಂಥ ಮಾತು ಆಡಿದವನಿಗೆ 'ಮನೆ ಮೇಲೆ ಪ್ರೀತಿ ಇಲ್ಲ' ಎಂಬ ಬಿರುದು ತಯಾರಾಗಿರುತ್ತದೆ.

ಅದೇ ತಾತನ ಮನೆಯ ಸೂರಿಗೆ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿತ್ತು. ಹೊಲದ ಕೆಲಸಕ್ಕೆ ಬರುತ್ತಿದ್ದ ಹಟ್ಟಿಯವರು ಅದನ್ನು ತಾವೇ ತೆಗೆದು, ಟೀ ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಬೇಕು. ನೀರಾದರೆ ಅದೂ ಇಲ್ಲ, ಬೊಗಸೆ ಒಡ್ಡಬೇಕು, ಅಜ್ಜಿ ಮೇಲಿಂದ ಹೊಯ್ಯುತ್ತಿದ್ದರು. ಎಪ್ಪತ್ತು ದಾಟಿದವರು ನನ್ನ ಅಪ್ಪನಿಗೆ 'ಗೌಡ್ರೇ' ಅನ್ನುತ್ತಿದ್ದರು, ನನಗೂ 'ಚಿಕ್ಕ ಗೌಡ್ರು' ಅನ್ನುತ್ತಿದ್ದರು. ನಾನು ಐದನೇ ಕ್ಲಾಸಿನ ಹುಡುಗ ಅವರನ್ನು ಹೆಸರು ಹಿಡಿದು 'ಬಾರೋ, ಹೋಗೋ' ಎಂದು ಕರೆಯುತ್ತಿದ್ದೆ. ಯಾರೂ ನನ್ನನ್ನು ಗದರಲಿಲ್ಲ. ಕನ್ನಡ ಮೇಷ್ಟ್ರು ಏಕವಚನ ಬಹುವಚನ ಕಲಿಸುವ ಮೊದಲೇ ನನಗೆ ಮನೆಯಲ್ಲಿ ಆ ಪಾಠ ಆಗಿತ್ತು.

ಇದು ತಾತ ಮುತ್ತಾತ ಮಾಡಿದ್ದಲ್ಲ, ನಾನು ಮಾಡಿದ್ದು. ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದ ಹದಿನಾಲ್ಕು ಮಂದಿಯಲ್ಲಿ ಎಷ್ಟು ಜನ 'ನಾನು ಮಾಡಿಲ್ಲ' ಎಂದು ಎದೆ ಮುಟ್ಟಿ ಹೇಳಬಲ್ಲರು?

ಈಗ ಆ ಪ್ರಶ್ನೆಗೆ ನೇರವಾಗಿ ಬರೋಣ. ಹಿರಿಯರ ತಪ್ಪಿಗೆ ಕಿರಿಯರು ಹೊಣೆಯೇ?

2019ರ ಸೆಪ್ಟೆಂಬರ್ 16ರಂದು ನಮ್ಮದೇ ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಸಂಸದರಾಗಿದ್ದ ಎ. ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದಾಗ, ದಲಿತರೆಂಬ ಕಾರಣಕ್ಕೆ ಅವರನ್ನು ಹಟ್ಟಿಯೊಳಗೆ ಬಿಡಲಿಲ್ಲ. ಅವರು ಹೋಗಿದ್ದು ಜನರ ಕಷ್ಟ ಕೇಳುವುದಕ್ಕೆ. ತಡೆದವರು ಜಮೀನ್ದಾರರಲ್ಲ, ಬಡವರು. ಅವರನ್ನೂ ಮೇಲಿನವರು ದೂರ ಇಟ್ಟೇ ಬಂದಿದ್ದಾರೆ. ಅವರು ಕೊಟ್ಟ ಕಾರಣ ದ್ವೇಷವಲ್ಲ, ಹಿರಿಯರಿಂದ ಬಂದ ಸಂಪ್ರದಾಯ. ಅವರನ್ನೊಬ್ಬರನ್ನೇ ಬೈಯುವುದು ಸುಲಭ, ಸುಳ್ಳು ಕೂಡ. ನನ್ನ ಮನೆಯ ಸೂರಿನ ಲೋಟಕ್ಕೂ ಅದೇ ಕಾರಣ ಕೊಡುತ್ತಿದ್ದರು. ನಾನು ಹೋದ ಪ್ರತಿ ಊರಿನ ದೇವಸ್ಥಾನದ ಮುಂದೆ ಅದೇ ಮಾತು ಕೇಳಿದ್ದೇನೆ. 'ನಾವು ಮಾಡಿದ್ದಲ್ಲ ಸಾರ್, ಹಿಂದಿನಿಂದ ಬಂದದ್ದು.'

ಗಮನಿಸಿ. ಬಾಗಿಲು ಹಾಕುವಾಗ ಹಿರಿಯರು ನಮ್ಮೊಳಗೇ ಇದ್ದಾರೆ. ಉತ್ತರ ಹೇಳುವಾಗ ಮಾತ್ರ ಹಿರಿಯರು ಸತ್ತು ಹೋಗಿದ್ದಾರೆ. ಮನೆತನದ ಹೆಸರು ಬೇಕು, ಮನೆದೇವರು ಬೇಕು, ಜಾತ್ರೆಯಲ್ಲಿ ಮೊದಲ ಮರ್ಯಾದೆ ಬೇಕು, ಪಿತ್ರಾರ್ಜಿತ ಆಸ್ತಿಯಂತೂ ಗುಂಟೆ ಲೆಕ್ಕದಲ್ಲಿ ಬೇಕು. ಒಂದು ಅಡಿ ಬದು ಒತ್ತುವರಿಯಾದರೆ ಮುತ್ತಾತನ ಕಾಲದ ಕಾಗದ ತಂದು ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತುತ್ತೇವೆ. ಆಗ ಯಾರೂ 'ತಾತನ ಕಾಲದ್ದು ನಮಗ್ಯಾಕೆ' ಅನ್ನುವುದಿಲ್ಲ. ಆಸ್ತಿ ಪಿತ್ರಾರ್ಜಿತ, ತಪ್ಪು ಮಾತ್ರ ಸ್ವಯಾರ್ಜಿತ. ಇದು ಯಾವ ಊರಿನ ವಾರಸಾ ಕಾನೂನು?

ಜರ್ಮನಿಯ ತತ್ವಶಾಸ್ತ್ರಜ್ಞ ಕಾರ್ಲ್ ಯಾಸ್ಪರ್ಸ್ ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಇದನ್ನು ಬಿಡಿಸಿ ಹೇಳಿದ್ದರು. ಅಪರಾಧ ಮಾಡಿದವನ ತಪ್ಪು ಬೇರೆ, ಅದನ್ನು ಕೋರ್ಟು ನೋಡುತ್ತದೆ, ಅದನ್ನು ಇಡೀ ಜನಾಂಗದ ತಲೆಗೆ ಕಟ್ಟುವಂತಿಲ್ಲ. ಆದರೆ ಒಂದು ನಾಡಿನ ಹೆಸರಲ್ಲಿ ನಡೆದದ್ದಕ್ಕೆ ಆ ನಾಡಿನವರು ಹೊರಬೇಕಾದ ಹೊಣೆಯೂ ಒಂದಿದೆ. ಮನಸ್ಸಾಕ್ಷಿಯ ಲೆಕ್ಕ ಮತ್ತೊಂದು. ನಮ್ಮ ಗ್ರೂಪಿನ ಹಿರಿಯರು ಇವನ್ನೆಲ್ಲ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದುಬಿಟ್ಟರು. 'ಶಿಕ್ಷೆ ಆಯ್ತಲ್ಲ, ಮುಗೀತು.'

ಶಿಕ್ಷೆಯ ಮಾತಿಗೂ ಒಂದು ಲೆಕ್ಕ ಕೊಡುತ್ತೇನೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. ಸಾಕ್ಷಿಗಳು ತಿರುಗಿ ನಿಂತರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟು ಬೂದಿಯಾದದ್ದು ನಿಜ, ಸುಟ್ಟವರು ಮಾತ್ರ ಯಾರೂ ಇಲ್ಲ. ಮರಕುಂಬಿ ತೀರ್ಪು ಅಷ್ಟು ದೊಡ್ಡ ಸುದ್ದಿಯಾದದ್ದೇ ಅಂಥ ತೀರ್ಪು ಅಪರೂಪ ಎಂಬ ಕಾರಣಕ್ಕೆ. ಅಪರೂಪದ ಒಂದು ತೀರ್ಪು ಹಿಡಿದು 'ಮುಗೀತು' ಎನ್ನುವುದು ಒಂದು ಮಳೆಗೆ ಬರ ಹೋಯಿತು ಎಂದ ಹಾಗೆ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಸಾಮರಸ್ಯ ಕೆಡುತ್ತದೆ ಎಂಬುದು ಇನ್ನೊಂದು ತಕರಾರು. ಸಾಮರಸ್ಯ ಎಂಬ ಪದವನ್ನು ಸುದ್ದಿಯಲ್ಲಿ ನೂರು ಸಲ ಬರೆದಿದ್ದೇನೆ, ಆದ್ದರಿಂದ ಅದರ ಬೆಲೆ ನನಗೆ ಗೊತ್ತು. ಶಾಂತಿ ಸಭೆಯಲ್ಲಿ ಎರಡು ಕಡೆಯವರನ್ನೂ ಕೂರಿಸುತ್ತಾರೆ. ಒಂದು ಕಡೆಯವರು ಕುರ್ಚಿಯಲ್ಲಿ, ಇನ್ನೊಂದು ಕಡೆಯವರು ಗೋಡೆಗೆ ಒರಗಿ. 'ಆಗಿದ್ದು ಆಯ್ತು' ಎಂದು ಒಬ್ಬ ಹಿರಿಯರು ಹೇಳುತ್ತಾರೆ. ಟೀ ಬರುತ್ತದೆ. ಅವತ್ತು ಎಲ್ಲರಿಗೂ ಒಂದೇ ಥರದ ಪೇಪರ್ ಕಪ್ಪು. ಫೋಟೊ ತೆಗೆಯುತ್ತೇವೆ. ನಾವು ಸಾಮರಸ್ಯ ಎಂದು ಕರೆಯುವುದು ಒಂದು ಕಡೆಯವರ ಮೌನವನ್ನು.

ಪತ್ರಕರ್ತರಾದ ನಮ್ಮ ಪಾಲು ಇದರಲ್ಲಿ ಸಣ್ಣದಲ್ಲ. 'ಎರಡು ಗುಂಪುಗಳ ನಡುವೆ ಘರ್ಷಣೆ.' ಈ ತಲೆಬರಹ ನಾನೇ ಎಷ್ಟು ಸಲ ಕಳಿಸಿದ್ದೇನೋ. ಒಂದು ಗುಂಪಿನ ಕೈಯಲ್ಲಿ ದೊಣ್ಣೆ, ಇನ್ನೊಂದು ಗುಂಪಿನ ತಲೆಗೆ ಹೊಲಿಗೆ. ಘರ್ಷಣೆ ಹೇಗಾಯಿತು? ಡೆಸ್ಕಿನವರು ಕೇಳುವುದಿಲ್ಲ, ಜಾಗ ಎಂಟು ಸಾಲು. ಜಾಹೀರಾತು ಕೊಡುವವರು ಕುರ್ಚಿಯಲ್ಲಿ ಕೂತವರು. ಬರೆದಷ್ಟಕ್ಕೆ ಕಾಸು ಬರುವ ನನ್ನಂಥವನು ಎಂಟು ಸಾಲಿಗೆ ಗುದ್ದಾಡುವುದಿಲ್ಲ. ಹಿಂಡಿನ ಜೊತೆ ಓಡಿದೆ. ಆ ಜರ್ಮನ್ ಫಾರಂ ನನಗೆ ಕೊಟ್ಟರೆ ನಾನು ಬೀಳುವ ಖಾನೆಯೂ ನಾಲ್ಕನೆಯದೇ.

ಜರ್ಮನಿಯೇನು ದೇವಲೋಕವಲ್ಲ. ಯಹೂದಿಗಳಿಗೆ ಪರಿಹಾರ ಕೊಡುವ ಒಪ್ಪಂದಕ್ಕೆ 1952ರಲ್ಲೇ ಸಹಿ ಹಾಕಿದ ದೇಶ, ಆಫ್ರಿಕಾದ ನಮೀಬಿಯಾದಲ್ಲಿ 1904ರಿಂದ 1908ರವರೆಗೆ ತಾನು ನಡೆಸಿದ ಹೆರೆರೊ ಮತ್ತು ನಾಮಾ ಜನರ ಮಾರಣಹೋಮವನ್ನು ಮಾರಣಹೋಮ ಎಂದು ಒಪ್ಪಿದ್ದು 2021ರಲ್ಲಿ. ಬಿಳಿಯರ ಮುಂದೆ ಬಗ್ಗಿದ ಸೊಂಟ ಕರಿಯರ ಮುಂದೆ ಬಗ್ಗಲು ನೂರು ವರ್ಷ ದಾಟಿತು. ಇದೂ ನಮಗೆ ಪಾಠವೇ. ಪಶ್ಚಾತ್ತಾಪಕ್ಕೂ ಜಾತಿ ಇರುತ್ತದೆ.

ಆದರೂ ಅಲ್ಲಿಯ ಒಂದು ಕೆಲಸ ನನ್ನನ್ನು ಬಿಡುತ್ತಿಲ್ಲ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ್ದು. ನಾಜಿಗಳು ಎಳೆದೊಯ್ದವರು ಕೊನೆಗೆ ವಾಸವಿದ್ದ ಮನೆಯ ಮುಂದೆ, ರಸ್ತೆಯ ಕಲ್ಲುಗಳ ನಡುವೆ, ಅಂಗೈ ಅಗಲದ ಒಂದು ಹಿತ್ತಾಳೆ ಹೊದಿಸಿದ ಕಲ್ಲು ಕೂರಿಸುತ್ತಾರೆ. ಇಲ್ಲಿ ಇಂಥವರು ವಾಸವಿದ್ದರು, ಇಂಥ ವರ್ಷ ಹುಟ್ಟಿದರು, ಇಲ್ಲಿಗೆ ಒಯ್ದರು, ಕೊಂದರು. ಅಷ್ಟೇ. ಅದನ್ನು ಕರೆಯುವುದು ಎಡವುಗಲ್ಲು ಎಂದು. ತರಕಾರಿಗೆ ಹೋಗುವವರು ದಿನಾ ಅದರ ಮೇಲೆ ನಡೆಯಬೇಕು, ಓದಬೇಕೆಂದರೆ ತಲೆ ಬಗ್ಗಿಸಬೇಕು.

ನಮ್ಮಲ್ಲಿ ಕಲ್ಲಿಗೇನು ಬರವೇ? ದನ ಕಾಯ್ದು ಸತ್ತವನಿಗೆ ವೀರಗಲ್ಲು, ಗಂಡನ ಜೊತೆ ಸುಟ್ಟುಕೊಂಡವಳಿಗೆ ಮಾಸ್ತಿಗಲ್ಲು, ಗುಡಿ ಕಟ್ಟಿಸಿದವನಿಗೆ ಶಾಸನ. ಬಾವಿಯಲ್ಲಿ ನೀರು ಸೇದಿದ್ದಕ್ಕೆ ಹೊಡೆಸಿಕೊಂಡವನ ಹೆಸರು ಹೊತ್ತ ಒಂದು ಕಲ್ಲು ತೋರಿಸಿ ನೋಡೋಣ.

ಶಾಸನದ ಮಾತು ಬಂತು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನ ಶಾಸನದ ಬಗ್ಗೆ ನಾನು ವರ್ಷಕ್ಕೊಂದು ಸಲವಾದರೂ 'ಅವಸಾನದ ಅಂಚಿನಲ್ಲಿ' ಎಂದು ಸುದ್ದಿ ಮಾಡುತ್ತೇನೆ. ಅಶೋಕನದು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ನಮ್ಮ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಹತ್ತಿರ ಹತ್ತಿರ ಮೂರು. ಬಿ.ಎಲ್. ರೈಸ್ 1892ರ ಹೊತ್ತಿಗೆ ಬೆಳಕಿಗೆ ತಂದರು. ಬೆಟ್ಟದ ಮೇಲಿನ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರಿತ್ತು, ಜಾತ್ರೆಯಲ್ಲಿ ಬಳೆ ಮಾರುವವರು ಅದರ ಮೇಲೆ ಅಂಗಡಿ ಹಾಕುತ್ತಿದ್ದರಂತೆ. ಅಕ್ಷರ ಬಹಳ ಸವೆದಿವೆ.

ಅಶೋಕ ಎಂದರೆ ನಮಗೆ ಕಳಿಂಗ, ಕಳಿಂಗ ಎಂದರೆ ಪಶ್ಚಾತ್ತಾಪ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಹಿಡಿದು ಸಾಗಿಸಿದೆವು, ನನಗೆ ನೋವಾಗಿದೆ ಎಂದು ಒಬ್ಬ ಚಕ್ರವರ್ತಿ ತಾನೇ ಕಲ್ಲಿನಲ್ಲಿ ಕೊರೆಸಿದ. ಅದು ಅವನ 13ನೇ ಬಂಡೆ ಶಾಸನ. ನಮಗೆ ಹತ್ತಿರ ಬೇಕೆಂದರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಆದರೆ ಕಳಿಂಗದಲ್ಲಿ ಮಾತ್ರ ಆ ಶಾಸನ ಇಲ್ಲ. ಧೌಲಿಯಲ್ಲಿ, ಜೌಗಡದಲ್ಲಿ 13ನೆಯದನ್ನು ಬಿಟ್ಟು, ಅದರ ಬದಲು ಪ್ರಜೆಗಳೆಲ್ಲ ನನ್ನ ಮಕ್ಕಳು ಎಂಬ ಅರ್ಥದ ಬೇರೆ ಶಾಸನ ಹಾಕಿಸಿದ್ದಾನೆ. ದೂರದವರ ಮುಂದೆ ತಪ್ಪೊಪ್ಪಿಗೆ, ನೊಂದವರ ಮುಂದೆ ಮಕ್ಕಳೇ ಎಂಬ ಮಾತು. ಯಾಕೆ ಹಾಗೆ ಮಾಡಿದ ಎಂದು ವಿದ್ವಾಂಸರು ಚರ್ಚಿಸಲಿ. ನನಗೆ ಕಾಣುವುದು ನಮ್ಮದೇ ಚಾಳಿ. ಉತ್ತರಪ್ರದೇಶದ ದೌರ್ಜನ್ಯಕ್ಕೆ ನಾವು ಸ್ಟೇಟಸ್ ಹಾಕುತ್ತೇವೆ, ಹಿಟ್ಲರನ ಮೇಲೆ ಭಾಷಣ ಸ್ಪರ್ಧೆ ಇಡುತ್ತೇವೆ. ನಮ್ಮ ಹಟ್ಟಿಯವರ ಮುಂದೆ ನಿಂತಾಗ 'ನಾವೆಲ್ಲ ಒಂದೇ ತಾಯಿ ಮಕ್ಕಳು' ಅನ್ನುತ್ತೇವೆ.

ನಮ್ಮ ಬೆಟ್ಟದ ಶಾಸನದಲ್ಲಿ ಕಳಿಂಗದ ಸುದ್ದಿ ಇಲ್ಲ. ಅಲ್ಲಿರುವುದು ಮನೆಮಂದಿಗೆ ಹೇಳಿದ ಬುದ್ಧಿಮಾತು. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ಕರುಣೆ ಇರಲಿ, ಸತ್ಯ ಹೇಳಿ, ಗುರುವಿಗೆ ಗೌರವ ಕೊಡಿ, ನೆಂಟರೊಡನೆ ಸರಿಯಾಗಿ ನಡೆದುಕೊಳ್ಳಿ. ಎಷ್ಟು ಸಲ ಈ ಪಟ್ಟಿಯನ್ನು ಸುದ್ದಿಯಲ್ಲಿ ಹಾಕಿದ್ದೇನೆ, ಒಂದು ಸಲವೂ ನಿಂತು ಯೋಚಿಸಿರಲಿಲ್ಲ. ತಂದೆಯ ಮಾತು ಕೇಳು, ಸತ್ಯ ಹೇಳು. ಎರಡೂ ಒಂದೇ ಬಂಡೆಯ ಮೇಲೆ ಇವೆ. ಎರಡೂ ಒಟ್ಟಿಗೆ ಆಗದಿದ್ದಾಗ?

ಆಗದ ಸಂದರ್ಭ ನನಗೆ ಬಂತು. ತಾತನ ಟ್ರಂಕಿನಲ್ಲಿ ಒಂದು ಸಾಗುವಳಿ ಚೀಟಿ ಸಿಕ್ಕಿತು. ನಮ್ಮದಲ್ಲ. ನಮ್ಮ ಹೊಲದಲ್ಲೇ ದುಡಿಯುತ್ತಿದ್ದ ಹಟ್ಟಿಯ ಒಬ್ಬರಿಗೆ ಅರವತ್ತರ ದಶಕದಲ್ಲಿ ಸರ್ಕಾರ ಮಂಜೂರು ಮಾಡಿದ ಎರಡು ಎಕರೆ. ಅದಕ್ಕೆ ಮಡಚಿಟ್ಟ ಒಂದು ಕ್ರಯದ ಕಾಗದ, ಎಪ್ಪತ್ತರ ದಶಕದ್ದು, ಬರಗಾಲದ ವರ್ಷ. ಹಣ ಅತ್ಯಲ್ಪ. ಎರಡು ಚೀಲ ಜೋಳವೂ ಕೊಟ್ಟಿದ್ದೆವು ಎಂದು ಅಪ್ಪ ಹೇಳುತ್ತಾರೆ, ಉಪಕಾರ ಮಾಡಿದ ದನಿಯಲ್ಲಿ. ಆ ಎರಡು ಎಕರೆ ಈಗ ನಮ್ಮ ಪಹಣಿಯಲ್ಲಿದೆ. ಅದರ ಶೇಂಗಾ ಮಾರಿದ ದುಡ್ಡಿನಲ್ಲಿ ನನ್ನ ಡಿಪ್ಲೊಮಾ ಫೀಸು ಕಟ್ಟಿದರು. 'ದನಿ ಇಲ್ಲದವರಿಗೆ ದನಿಯಾಗಿ' ಎಂದು ಬೀಳ್ಕೊಡುಗೆ ದಿನ ನಮಗೆಲ್ಲ ಹೇಳಿ ಕಳಿಸಿದರಲ್ಲ, ಆ ಡಿಪ್ಲೊಮಾ.

ಕಾನೂನು ಇದಕ್ಕೆ ಹೆಸರಿಟ್ಟಿದೆ. ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ, ನಾವು ಪಿಟಿಸಿಎಲ್ ಅನ್ನುವುದು. ಮಂಜೂರಾತಿಯ ಷರತ್ತು ಮೀರಿ ಕೊಂಡಿದ್ದರೆ, ಕಾಯ್ದೆ ಬರುವ ಮೊದಲು ಕೊಂಡದ್ದಾದರೂ, ಆ ಕ್ರಯ ನಡೆಯುವುದಿಲ್ಲ. ಉಪವಿಭಾಗಾಧಿಕಾರಿ ಜಮೀನು ಬಿಡಿಸಿ ಮೂಲದವರಿಗೆ ಅಥವಾ ಅವರ ವಾರಸುದಾರರಿಗೆ ಕೊಡಿಸಬಹುದು. 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 2017ರ ಮತ್ತೊಂದು ತೀರ್ಪಿನ ಬಳಿಕ 'ತಡವಾಗಿ ಬಂದಿರಿ' ಎಂದು ಅರ್ಜಿಗಳು ಬಿದ್ದುಹೋಗತೊಡಗಿದವು. ಹೋರಾಟ ನಡೆಯಿತು, 2023ರಲ್ಲಿ ತಿದ್ದುಪಡಿಯಾಗಿ ಆ ಕಾಲಮಿತಿಯ ಅಡ್ಡಿ ತೆಗೆದರು. ಅಂದರೆ 'ತಾತನ ಕಾಲದ್ದು ಈಗ ಯಾಕೆ' ಎಂಬ ಪ್ರಶ್ನೆಗೆ ಕರ್ನಾಟಕದ ಶಾಸನಸಭೆಯೇ ಉತ್ತರ ಕೊಟ್ಟಾಗಿದೆ. ಗ್ರೂಪಿನ ಹಿರಿಯರು ಸುದ್ದಿ ಮಾಡಿದ್ದರು, ಮರೆತಿರಬೇಕು.

ನೋರಾ ಕ್ರುಗ್‌ಗೆ ಆರ್ಕೈವಿನ ಕಡತದಲ್ಲಿ ತಾತ ಸಿಕ್ಕ. ನನಗೆ ಪಹಣಿಯಲ್ಲಿ ಸಿಕ್ಕ. ನಾನು ಇಲ್ಲಿ ಪಾಪಪ್ರಜ್ಞೆ ಎಂಬ ಪದವನ್ನು ಹೆಚ್ಚು ಬಳಸುತ್ತಿಲ್ಲ, ಕಾರಣ ಇದೆ. ಪಾಪಪ್ರಜ್ಞೆ ಮನಸ್ಸಿನೊಳಗಿನದು. ರಾತ್ರಿ ಕಾಡುತ್ತದೆ, ಬೆಳಿಗ್ಗೆ ಹೋಗುತ್ತದೆ. ಒಂದು ಕವನ ಬರೆದರೆ ಹಗುರಾಗುತ್ತದೆ. ಪಹಣಿ ಹಾಗಲ್ಲ. ಅದಕ್ಕೆ ಸರ್ವೆ ನಂಬರಿದೆ, ಚಕ್ಕುಬಂದಿ ಇದೆ. 9ನೇ ಕಾಲಮಿನಲ್ಲಿ ನನ್ನ ಅಪ್ಪನ ಹೆಸರಿದೆ.

ನಾನೇನೋ ದೊಡ್ಡ ಕೆಲಸ ಮಾಡಿದವನ ಹಾಗೆ ಆ ಚೀಟಿಯ ಜೆರಾಕ್ಸ್ ಮಾಡಿಸಿಕೊಂಡು ಆ ಹಿರಿಯರ ಮೊಮ್ಮಗನನ್ನು ಹುಡುಕಿಕೊಂಡು ಹೋದೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಕೆಲಸಕ್ಕೆ ಹೋಗುವ ಹುಡುಗ, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿಯುತ್ತಾ ಕಾಗದ ಕೊಟ್ಟೆ. ಅವನು ಓದಿದ. ಮತ್ತೆ ಓದಿದ. ನಾನು ಅವನ ಮುಖ ನೋಡುತ್ತಾ ಕೂತಿದ್ದೆ, ಅವನು ಏನೋ ಒಳ್ಳೆಯ ಮಾತು ಹೇಳುತ್ತಾನೆ ಎಂದು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನಾನು ಕಾದದ್ದು ಅದಕ್ಕೇ.

"ಅಣ್ಣಾ, ಇದನ್ನ ಇಟ್ಕಂಡು ನಾನೇನ್ ಮಾಡ್ಲಿ?" ಅಂದ. "ನಿಮ್ಮಪ್ಪನ ಮೇಲೆ ಕೇಸ್ ಹಾಕ್ಲಾ? ವಕೀಲರಿಗೆ ದುಡ್ಡು ನಾನ್ ಕೊಡ್ಲಾ? ಊರಲ್ಲಿ ನಮ್ಮವ್ವ ಒಬ್ಳೇ ಐದಾಳೆ. ನಿಂಗೆ ಬೇಜಾರಾತು ಅಂತ ನಾನು ಜಗಳಕ್ಕೆ ಬೀಳ್ಬೇಕಾ? ನಿಂದು ಅಂತ ಗೊತ್ತಾದ್ಮೇಲೆ ನೀನೇ ಬಿಡ್ಸಿಕೊಡು."

ಟೀ ದುಡ್ಡು ಅವನೇ ಕೊಟ್ಟು ಹೋದ.

ಮೇಲ್ಜಾತಿಯ ಪಶ್ಚಾತ್ತಾಪದ ಮೇಲೆ ನಾನು ಕೇಳಿದ ಅತ್ಯಂತ ಸರಿಯಾದ ವಿಮರ್ಶೆ ಇದು. ನನ್ನ ಎದೆಯ ಭಾರ ಇಳಿಸುವ ಕೂಲಿಯನ್ನೂ ನಾನು ಅವರ ತಲೆ ಮೇಲೇ ಹೊರಿಸಲು ಹೋಗಿದ್ದೆ. ಹಳೆಯ ಅಭ್ಯಾಸ. ನಮ್ಮ ಮನೆಯ ಎಲ್ಲ ಭಾರವನ್ನೂ ಇಳಿಸುತ್ತಿದ್ದವರು ಅವರ ಮನೆಯವರೇ ಅಲ್ಲವೇ.

ಅಪ್ಪನ ಜೊತೆ ಮಾತಾಡಿದೆ. ಮೂರು ಸಲ. ಮೊದಲ ಸಲ ಕಾಗದ ಟ್ರಂಕಿಗೆ ಹಾಕಿ ಬೀಗ ಜಡಿದರು. ಎರಡನೆಯ ಸಲ ತಾತನ ಫೋಟೊ ತೋರಿಸಿ, "ಆ ಪುಣ್ಯಾತ್ಮನ್ನ ಕಳ್ಳ ಅಂತೀಯಾ?" ಎಂದು ಅತ್ತರು. ಅಪ್ಪ ಅತ್ತದ್ದು ನಾನು ಅದಕ್ಕೆ ಮೊದಲು ನೋಡಿದ್ದು ತಾತ ಸತ್ತ ದಿನ. ನಾನು ಕಳ್ಳ ಎಂದಿರಲಿಲ್ಲ. ಬರದ ವರ್ಷ ಹಸಿದವರ ಹೊಲವನ್ನು ಅರ್ಧ ಬೆಲೆಗೂ ಕಡಿಮೆಗೆ ಕೊಂಡು, ಅದೇ ಹೊಲದಲ್ಲಿ ಅವರನ್ನೇ ಕೂಲಿಗೆ ಇಟ್ಟುಕೊಂಡ ಮನುಷ್ಯ ನನ್ನನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದ ಮನುಷ್ಯನೇ ಆಗಿದ್ದ ಎಂದಷ್ಟೇ ಹೇಳಿದ್ದೆ. ಇಬ್ಬರೂ ಒಬ್ಬರೇ. ಇದನ್ನು ಒಪ್ಪುವುದು ಅಪ್ಪನಿಗೆ ಕಷ್ಟ. ನನಗೇನು ಸುಲಭ ಅಂದುಕೊಂಡಿರಾ?

ಮೂರನೆಯ ಸಲ ಅಪ್ಪ ತಣ್ಣಗೆ ಹೇಳಿದರು: "ನಾನು ಸತ್ತ ಮೇಲೆ ನಿನ್ನ ಹೆಸರಿಗೆ ಬರ್ತೈತಲ್ಲ, ಆಗ ಏನಾದ್ರೂ ಮಾಡ್ಕಾ."

ನಾನು ಒಪ್ಪಿಲ್ಲ. ಆ ಮಾತನ್ನು ಒಪ್ಪಿದರೆ ನನ್ನ ಮಗ ದೊಡ್ಡವನಾದಾಗ ಅವನಿಗೂ ನಾನು ಅದನ್ನೇ ಹೇಳುತ್ತೇನೆ ಎಂದು ಗೊತ್ತು. ಮಿಲ್ಲಿನ ಹುಡುಗನಿಗೆ ಫೋನ್ ಮಾಡಿ ಮೂರು ವಿಷಯ ಹೇಳಿದ್ದೇನೆ. ಅವನು ಅರ್ಜಿ ಹಾಕುವುದಾದರೆ ಖರ್ಚು ನನ್ನದು. ಮೂಲ ಚೀಟಿ ಯಾರ ಟ್ರಂಕಿನಲ್ಲಿದೆ ಎಂದು ಉಪವಿಭಾಗಾಧಿಕಾರಿಯ ಮುಂದೆ ಹೇಳಿಕೆ ಕೊಡುವವನು ನಾನು. ಅವನು ಹಾಕದಿದ್ದರೆ ಅದು ಅವನಿಷ್ಟ, ಅಪ್ಪನನ್ನು ಒಪ್ಪಿಸುವ ಕೆಲಸ ನನ್ನದೇ. "ನೋಡಾಣ ಬಿಡಣ್ಣ" ಎಂದಿದ್ದಾನೆ. ಅವನಿಗೆ ನನ್ನ ಮೇಲೆ ನಂಬಿಕೆ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಹೆಬ್ಬೆರಳು ಒತ್ತಿದ ಗೆಳೆಯರೇ, ಈ ಬ್ಲಾಗಿನಲ್ಲಿ ಬರೆಯುವ ಸಹಪಾಠಿಗಳೇ, ನಾನು ಯಾರ ತಲೆಯನ್ನೂ ತಗ್ಗಿಸಿ ಎನ್ನುತ್ತಿಲ್ಲ. ತಗ್ಗಿಸಿದ ತಲೆಗೆ ಕಾಣುವುದು ತನ್ನ ಕಾಲು ಮಾತ್ರ. ಟ್ರಂಕು ತೆಗೆಯಿರಿ ಎನ್ನುತ್ತಿದ್ದೇನೆ. ನಾವೆಲ್ಲ ಹಳ್ಳಿಯಿಂದ ಬಂದವರು, ನಮ್ಮಲ್ಲಿ ಕೆಲವರು ಆ ಕುರ್ಚಿಗಳ ಮನೆಯಿಂದ, ಕೆಲವರು ಆ ಗೋಡೆಯ ಪಕ್ಕದಿಂದ. ಗೋಡೆಯ ಪಕ್ಕದಿಂದ ಬಂದವರು ತಮ್ಮ ಮನೆಯ ಕಥೆಯನ್ನು ಇಷ್ಟು ವರ್ಷ ಬರೆದಿದ್ದಾರೆ. ಕನ್ನಡದ ಒಳ್ಳೆಯ ಆತ್ಮಕಥೆಗಳಲ್ಲಿ ಎಷ್ಟೋ ಅವರವು. ಆ ಕಥೆಗಳಲ್ಲಿ ಹೊಡೆದವರು ಯಾರದೋ ತಾತ ಅಲ್ಲವೇ? ಆ ತಾತನ ಮೊಮ್ಮಕ್ಕಳು ಬರೆದ ಪುಸ್ತಕ ಎಲ್ಲಿದೆ? ಅಭಿನಂದನಾ ಗ್ರಂಥ ಇದೆ, ಸ್ಮರಣ ಸಂಚಿಕೆ ಇದೆ, ಜನಾಂಗದ ಇತಿಹಾಸ ಎಂಬ ಹೆಸರಿನಲ್ಲಿ ಎಲ್ಲರೂ ಪಾಳೇಗಾರರ ವಂಶದವರೇ ಆಗಿರುವ ಗ್ರಂಥಗಳಿವೆ. ಸೂರಿನ ಲೋಟದ ಮಾತು ಬರೆದವರು ಬೆರಳೆಣಿಕೆ.

ಪ್ರತಿಯೊಬ್ಬರೂ ಒಂದು ಪುಟ ಬರೆಯೋಣ. ಚಿತ್ರ ಬಂದವರು ಬಿಡಿಸಲಿ. ನಮ್ಮ ಮನೆಯ ಲೋಟ ಎಲ್ಲಿತ್ತು, ಬಾವಿ ಯಾರದು, ಹೊಲ ಯಾರಿಂದ ಬಂತು. ಇನ್ನು ಮುಂದೆ ಒಂದು ಕಡೆಯವರ ತಲೆ ಮಾತ್ರ ಒಡೆದಿದ್ದರೆ 'ಎರಡು ಗುಂಪು' ಎಂದು ಬರೆಯುವುದನ್ನು ನಿಲ್ಲಿಸೋಣ. ಡೆಸ್ಕಿನವರು ತಿದ್ದಿದರೆ ತಿದ್ದಲಿ, ನಾವು ಕಳಿಸಿದ್ದು ಹಾಗಲ್ಲ ಎಂಬುದಾದರೂ ಉಳಿಯುತ್ತದೆ.

ಮೊನ್ನೆ ಮಗನನ್ನು ಕರೆದುಕೊಂಡು ಬೆಟ್ಟ ಹತ್ತಿದೆ. ತಾತ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತು ಜಟಾಯುವಿನ ಕಥೆ ಹೇಳಿದೆ. "ಅದು ಮುದುಕ ಹದ್ದು ಅಲ್ವಾ ಅಪ್ಪ, ಸುಮ್ನೆ ಕೂತಿದ್ರೆ ಸಾಯ್ತಾನೇ ಇರ್ಲಿಲ್ಲ" ಅಂದ. ಹೌದು, ಸುಮ್ಮನೆ ಕೂತಿದ್ದರೆ ಸಾಯುತ್ತಿರಲಿಲ್ಲ ಎಂದೆ. ಆಮೇಲೆ ಅವನು ಕೇಳಿದ, "ಅವಾಗ ಬೇರೆ ಹಕ್ಕಿಗಳು ಎಲ್ಲಿದ್ವು?"

ನನಗೆ ಗೊತ್ತಿದ್ದ ಉತ್ತರವನ್ನು ಅವನಿಗೆ ಹೇಳಿದೆ. ಅವನ ಮುತ್ತಾತನಿಂದ ಶುರು ಮಾಡಿ.